ಕೊಳವೆಯೇ ಕಟ್ಟಿಗೆ

ಕಳೆದ ತಿಂಗಳು ನಮ್ಮ ವಿಭಾಗಕ್ಕೆ ತರಬೇತಿಗೆಂದು ಬಂದ ಐಟಿಐ ಹುಡುಗನೊಬ್ಬ, ಊದುಕುಲುಮೆಯಿಂದ (ಬ್ಲಾಸ್ಟ್ ಫರ್ನೇಸ್) ಕರಗಿದ ಕಬ್ಬಿಣವನ್ನು ಹೊರಬಿಡುವ ಕಾಸ್ಟ್ ಹೌಸ್‌ನ ಕಂಬಕ್ಕೆ ಒರಗಿಸಿಟ್ಟಿದ್ದ, ಆಕ್ಸಿಜನ್ ಊದಿ ತೂತು ಕೊರೆಯುವ ಲ್ಯಾನ್ಸಿಂಗ್ ಪೈಪುಗಳನ್ನೂ ಅವುಗಳ ಹೋಲ್ಡರನ್ನೂ ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ಆಕ್ಸಿಜನ್ ಹೋಸ್ ಒಂದ ಐತಲ್ರೀ ಸರ್, ಗ್ಯಾಸಿನ ಹೋಸ್ ಎಲ್ಲೈತಿ?" ಎಂದು ಕೇಳಿದ. ಗ್ಯಾಸ್ ಕಟಿಂಗ್ ಕಲಿತವರ ಕಣ್ಣಿಗೆ ನೀಲಿ ಹೋಸ್ ಮತ್ತು ಕೆಂಪು ಹೋಸ್ ಎರಡೂ ಜೋಡಿಯಾಗಿಯೇ ಕಾಣಬೇಕು. ನೀಲಿಯಲ್ಲಿ ಆಕ್ಸಿಜನ್, ಕೆಂಪಿನಲ್ಲಿ ಅಸಿಟಿಲೀನ್ ಅಥವಾ ಎಲ್‌ಪಿಜಿ. ಒಂದೇ ಹೋಸ್ ಇರುವ, ಉರಿಸುವ ಅನಿಲವೇ ಇಲ್ಲದ ಈ ಸಲಕರಣೆ ಆರಡಿ ದಪ್ಪದ ಗಟ್ಟಿಯನ್ನೂ ತೂತು ಮಾಡುತ್ತದೆ ಎಂದರೆ ಅವನು ನಂಬುವುದಾದರೂ ಹೇಗೆ? ಅವನಿಗೆ ಉತ್ತರ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಹೊಸಪೇಟೆಯಿಂದ ಕೊಪ್ಪಳದವರೆಗಿನ ಕಬ್ಬಿಣದ ಕಾರ್ಖಾನೆಗಳಲ್ಲಿ, ತೋರಣಗಲ್ಲಿನಲ್ಲಿ, ಸಂಡೂರಿನ ಗಣಿಗಳ ರಿಪೇರಿ ಶೆಡ್ಡುಗಳಲ್ಲಿ ಕನ್ನಡ ಮಾತಾಡುವ ಕೈಗಳೇ ಈ ಪೈಪನ್ನು ಹಿಡಿಯುತ್ತಿರುವಾಗ, ಇದರ ಬಗ್ಗೆ ಕನ್ನಡದಲ್ಲಿ ಓದಲು ಏನಾದರೂ ಇರಬೇಕು ಎಂಬ ಆಸೆಯಿಂದ ಆ ಉತ್ತರವನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಅವನ ಪ್ರಶ್ನೆಗೆ ನೇರವಾದ ಉತ್ತರ ಇಷ್ಟೇ: ಇಲ್ಲಿ ಕೊಳವೆಯೇ ಕಟ್ಟಿಗೆ. ಒಲೆಗೆ ಸೌದೆ ಹೇಗೋ ಲ್ಯಾನ್ಸಿಗೆ ಅದರದೇ ಪೈಪು ಹಾಗೆ. ಕಬ್ಬಿಣ ಉರಿಯುತ್ತದೆ. ಈ ಮಾತನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಅಡುಗೆಮನೆಯಲ್ಲಿ ನಾವು ಕಂಡ ಕಬ್ಬಿಣವೆಲ್ಲ ಬೆಂಕಿಯನ್ನು ತಡೆದುಕೊಳ್ಳುವ ತವೆ, ಇಕ್ಕಳ, ಬಾಣಲೆಗಳ ರೂಪದ್ದು. ಆದರೆ ದೀಪಾವಳಿಯ ಸುರ್‌ಸುರ್‌ಬತ್ತಿಯಿಂದ ಹೂವಿನಂತೆ ಸಿಡಿಯುವ ಬಂಗಾರದ ಕಿಡಿಗಳು ಉರಿಯುತ್ತಿರುವ ಕಬ್ಬಿಣದ ಪುಡಿಯೇ ಹೊರತು ಬೇರೇನಲ್ಲ. ಊರಿನ ಕಮ್ಮಾರರಿಗಂತೂ ಇದು ಹೊಸ ಸಂಗತಿಯಲ್ಲ. ತಿದಿಯನ್ನು ಜೋರಾಗಿ ಒತ್ತುತ್ತಾ ಕುಡುಗೋಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಲುಮೆಯಲ್ಲಿ ಬಿಟ್ಟರೆ ಅದರ ತುದಿ ಬೆಳ್ಳಗಾಗಿ ಚಿಟಚಿಟನೆ ಕಿಡಿ ಉದುರಿಸತೊಡಗುತ್ತದೆ, ಆಗ ಅವರು ಕಬ್ಬಿಣ ಸುಟ್ಟುಹೋಯಿತು ಎಂದು ಆ ತುದಿಯನ್ನು ಕತ್ತರಿಸಿ ಎಸೆಯುತ್ತಾರೆ. ಮಳೆಯಲ್ಲಿ ಬಿಟ್ಟ ಗುದ್ದಲಿಗೆ ತುಕ್ಕು ಹಿಡಿಯುವುದೂ ಇದೇ ಜಾತಿಯ ಕ್ರಿಯೆ. ತುಕ್ಕು ತಿಂಗಳುಗಟ್ಟಲೆ ಸಾವಕಾಶವಾಗಿ ಬಿಡುವ ಶಾಖವನ್ನು ಲ್ಯಾನ್ಸಿನ ತುದಿ ಕೆಲವೇ ಸೆಕೆಂಡುಗಳಲ್ಲಿ ಬಿಡುತ್ತದೆ.

ಗ್ಯಾಸ್ ಕಟಿಂಗ್ ಮಾಡುವವರಲ್ಲಿ ಬಹುಪಾಲು ಮಂದಿ ಜ್ವಾಲೆಯೇ ಉಕ್ಕನ್ನು ಕತ್ತರಿಸುತ್ತದೆ ಎಂದು ತಿಳಿದಿರುತ್ತಾರೆ. ನಿಜವಾಗಿ ಜ್ವಾಲೆಯ ಕೆಲಸ ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿಕೊಡುವುದಷ್ಟೇ. ಆಮೇಲೆ ನಡುವಿನ ತೂತಿನಿಂದ ಧಾವಿಸುವ ಆಕ್ಸಿಜನ್ ಆ ಕಾದ ಉಕ್ಕನ್ನೇ ಉರಿಸಿ, ಹುಟ್ಟಿದ ಕಿಟ್ಟವನ್ನು ಕೆಳಕ್ಕೆ ಊದಿ ತಳ್ಳುತ್ತದೆ. ಸಾಧಾರಣ ಉಕ್ಕಿನಲ್ಲಿ ಇದು ಸಾಧ್ಯವಾಗುವುದಕ್ಕೆ ಒಂದು ಕಾರಣವಿದೆ: ಉಕ್ಕು ಕರಗುವುದು 1500 ಡಿಗ್ರಿ ಆಸುಪಾಸಿನಲ್ಲಿ, ಅದರಿಂದ ಹುಟ್ಟುವ ಕಬ್ಬಿಣದ ಆಕ್ಸೈಡ್ ಅದಕ್ಕಿಂತ ಮುಂಚೆ, ಸುಮಾರು 1377 ಡಿಗ್ರಿಯಲ್ಲಿಯೇ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹಾಗಲ್ಲ. ಅದರೊಳಗಿನ ಕ್ರೋಮಿಯಂ ಆಕ್ಸೈಡ್ ಕರಗಲು 2400 ಡಿಗ್ರಿಗೂ ಹೆಚ್ಚು ಬೇಕಾಗುವುದರಿಂದ ಅದು ಹಾಲಿನ ಕೆನೆಯಂತೆ ಮೇಲೆ ಕಟ್ಟಿಕೊಂಡು ಆಕ್ಸಿಜನ್ನನ್ನು ಒಳಗೆ ಬಿಡುವುದಿಲ್ಲ. ಬೀಡು ಕಬ್ಬಿಣದಲ್ಲಿ ಲೋಹವೇ ತನ್ನ ಆಕ್ಸೈಡಿಗಿಂತ ಮೊದಲು ಕರಗಿ ಕೆಲಸ ಕೆಡಿಸುತ್ತದೆ. ಕಾಂಕ್ರೀಟಿನಲ್ಲಂತೂ ಉರಿಯುವಂಥದ್ದು ಏನೂ ಇಲ್ಲ. ಗ್ಯಾಸ್ ಕಟರ್ ಕೈಚೆಲ್ಲುವ ಈ ಮೂರೂ ಕಡೆ ಲ್ಯಾನ್ಸ್ ನುಗ್ಗುತ್ತದೆ, ಏಕೆಂದರೆ ಅದು ಎದುರಿನ ವಸ್ತು ಉರಿಯಲಿ ಎಂದು ಕಾಯುವುದಿಲ್ಲ, ತನ್ನ ಬೆಂಕಿಯನ್ನೂ ಉರುವಲನ್ನೂ ತಾನೇ ಹೊತ್ತು ತರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಅವಶ್ಯ. ಒಂದು ಕಿಲೋ ಕಬ್ಬಿಣ ಆಕ್ಸಿಜನ್‌ನಲ್ಲಿ ಪೂರ್ತಿಯಾಗಿ ಉರಿದರೆ ಸುಮಾರು 6.6 ಮೆಗಾಜೂಲ್ ಶಾಖ ಹೊರಬರುತ್ತದೆ. ಒಂದು ಕಿಲೋ ಎಲ್‌ಪಿಜಿ ಕೊಡುವ 46 ಮೆಗಾಜೂಲಿನ ಮುಂದೆ ಇದು ಜುಜುಬಿ ಎನಿಸಬಹುದು. ಆದರೆ ಎಲ್‌ಪಿಜಿ ಉರಿದಾಗ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಅವು ಅನಿಲಗಳಾದ್ದರಿಂದ ಶಾಖದ ದೊಡ್ಡ ಪಾಲನ್ನು ಹೊತ್ತುಕೊಂಡು ಗಾಳಿಗೆ ಹಾರಿಹೋಗುತ್ತವೆ. ಕಬ್ಬಿಣ ಉರಿದಾಗ ಹುಟ್ಟುವುದು ಕುದಿಯುವ ಕಿಟ್ಟ. ಅದು ದ್ರವವಾಗಿಯೇ ತೂತಿನ ತಳದಲ್ಲಿ ನಿಂತು, ತಾನು ಮುಟ್ಟಿದ್ದಕ್ಕೆಲ್ಲ ತನ್ನ ಶಾಖವನ್ನು ನೇರವಾಗಿ ದಾಟಿಸುತ್ತದೆ. ಒಂದು ಕಿಲೋ ಉಕ್ಕನ್ನು ತಣ್ಣಗಿನ ಸ್ಥಿತಿಯಿಂದ ಕರಗಿಸಲು ಸುಮಾರು 1.3 ಮೆಗಾಜೂಲ್ ಸಾಕು ಎಂಬುದನ್ನು ನೆನೆದರೆ, ಸೋರಿಕೆಯನ್ನೆಲ್ಲ ಕಳೆದೂ ಆ ತುದಿಯ ಬಲವೆಷ್ಟು ಎಂಬುದು ಮನದಟ್ಟಾಗುತ್ತದೆ. ತುದಿಯ ಉಷ್ಣತೆಯ ಬಗ್ಗೆ ಮಾರಾಟಗಾರರ ಕ್ಯಾಟಲಾಗುಗಳು 4000, 4500 ಡಿಗ್ರಿ ಎಂದೆಲ್ಲ ಬರೆಯುತ್ತವೆ. ಕಬ್ಬಿಣ 2860 ಡಿಗ್ರಿಯ ಸುಮಾರಿಗೆ ಕುದಿದು ಆವಿಯಾಗುವುದರಿಂದ ನಾನು ಆ ಅಂಕಿಗಳನ್ನು ಪೂರ್ತಿ ಒಪ್ಪುವುದಿಲ್ಲ. 3000 ಡಿಗ್ರಿಯ ಆಸುಪಾಸು ಎಂದುಕೊಂಡರೂ ನಮ್ಮ ಯಾವ ಕೆಲಸಕ್ಕೂ ಅದು ಧಾರಾಳವಾಯಿತು.

ಲ್ಯಾನ್ಸಿನಲ್ಲಿ ಎರಡು ಬಗೆ. ಮೊದಲನೆಯದು ಬರಿಯ ಎಂಎಸ್ (ಸಾಧಾರಣ ಉಕ್ಕಿನ) ಪೈಪು, ಅರ್ಧ ಇಂಚು ಅಥವಾ ಅದಕ್ಕೂ ಸಣ್ಣದು, ಹಿಂದಿನ ತುದಿಗೆ ಹೋಲ್ಡರ್, ವಾಲ್ವ್, ಆಕ್ಸಿಜನ್ ಹೋಸ್. ಎದುರಿಗೆ ಮೊದಲೇ ಕೆಂಪಗೆ ಕಾದ ಲೋಹವಿದ್ದಾಗ ಇದು ಸಾಕು. ಊದುಕುಲುಮೆಯ ಟ್ಯಾಪ್ ಹೋಲಿನಲ್ಲಿ, ಅಂದರೆ ಕರಗಿದ ಕಬ್ಬಿಣ ಹೊರಬರುವ ಬಾಯಿಯಲ್ಲಿ, ಬಳಸುವುದು ಇದನ್ನೇ. ಎರಡನೆಯದು ಥರ್ಮಿಕ್ ಲ್ಯಾನ್ಸ್. ಇದರ ಪೈಪಿನೊಳಗೆ ತೆಳುವಾದ ಉಕ್ಕಿನ ತಂತಿಗಳನ್ನು ಕಡ್ಡಿ ಕಟ್ಟಿನಂತೆ ಒತ್ತಾಗಿ ತುಂಬಿರುತ್ತಾರೆ, ಕೆಲವೊಮ್ಮೆ ಅವುಗಳ ಜೊತೆ ಅಲ್ಯೂಮಿನಿಯಂ ತಂತಿಯೂ ಇರುತ್ತದೆ. ತಂತಿಗಳ ಸಂದಿಯಲ್ಲಿ ಆಕ್ಸಿಜನ್ ಹರಿಯುತ್ತದೆ. ಉರಿಯುವ ಮೈ ಹೆಚ್ಚಾದ್ದರಿಂದ ತಣ್ಣಗಿನ ಕಾಂಕ್ರೀಟಿನ ಎದುರಿಗೂ ಇದು ಆರುವುದಿಲ್ಲ. ಮೂರು ಮೀಟರ್ ಉದ್ದದ ಲ್ಯಾನ್ಸಿನ ತುದಿಯನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಿ, ವಾಲ್ವನ್ನು ಸ್ವಲ್ಪ ಸ್ವಲ್ಪವಾಗಿ ತೆರೆದರೆ, ಮೊದಲು ಒಂದು ನಿಟ್ಟುಸಿರಿನಂಥ ಸದ್ದು, ಆಮೇಲೆ ತುದಿ ಅರಳಿ ಕಣ್ಣು ಕೋರೈಸುವ ಬೆಳಕು. ಕೆಲವೇ ನಿಮಿಷಗಳಲ್ಲಿ ಮೂರು ಮೀಟರಿನದು ಮೊಳದುದ್ದಕ್ಕೆ ಇಳಿಯುತ್ತದೆ.

ಟ್ಯಾಪ್ ಹೋಲಿಗೆ ಆಕ್ಸಿಜನ್ ಹಿಡಿಯುವ ಈ ವಿದ್ಯೆಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿದೆ. ಜರ್ಮನಿಯ ಎರ್ನ್ಸ್ಟ್ ಮೆನ್ನೆ ಎಂಬವರು 1901ರಲ್ಲಿ, ಮುಚ್ಚಿಕೊಂಡ ಊದುಕುಲುಮೆಯ ಬಾಯನ್ನು ಆಕ್ಸಿಜನ್ ಊದಿ ತೆರೆಯುವ ವಿಧಾನವನ್ನು ರೂಪಿಸಿದರು. ಅದಕ್ಕೂ ಮೊದಲು ಹಾರೆ, ಸುತ್ತಿಗೆ, ರಟ್ಟೆ ಇಷ್ಟೇ ಆಧಾರ. ಒಳಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಕಬ್ಬಿಣ ಸಿಕ್ಕಿಬಿಟ್ಟರೆ ಗಂಟೆಗಟ್ಟಲೆ ಹಾರೆ ಹೊಡೆಯಬೇಕಾಗುತ್ತಿತ್ತು, ಅಷ್ಟರಲ್ಲಿ ಒಳಗಿನ ಲೋಹ ಏರುತ್ತಲೇ ಇರುತ್ತಿತ್ತು. ಅದೇ ಹೊತ್ತಿಗೆ, 1902ರ ಸುಮಾರಿಗೆ, ಕಾರ್ಲ್ ಫಾನ್ ಲಿಂಡೆ ಗಾಳಿಯನ್ನು ದ್ರವ ಮಾಡಿ ಅದರಿಂದ ಆಕ್ಸಿಜನ್ ಬೇರ್ಪಡಿಸುವ ಸ್ಥಾವರವನ್ನು ಕಟ್ಟಿದ್ದರಿಂದ ಈ ವಿದ್ಯೆಗೆ ಬೇಕಾದ ಸರಕೂ ಅಗ್ಗವಾಗುತ್ತಾ ಬಂತು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಸೌದೆ ಇದ್ದಿಲನ್ನು ನಂಬಿ 1923ರಲ್ಲಿ ಕಬ್ಬಿಣ ಸುರಿಸಲು ಆರಂಭಿಸಿದಾಗ ಈ ಉಪಾಯಕ್ಕೆ ಇಪ್ಪತ್ತು ದಾಟಿದ ಪ್ರಾಯ. ಆ ಊರಿನಲ್ಲಿಯೇ ಬೆಳೆದ ನನಗೆ ರಾತ್ರಿ ಕಿಟ್ಟ ಸುರಿದಾಗ ಆಕಾಶದ ಅಂಚು ಕೆಂಪಾಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ, ಮತ್ತು ನಾನು ಈ ಕೆಲಸಕ್ಕೆ ಬಂದದ್ದರ ಹಿಂದೆ ಆ ಕೆಂಪಿನ ಪಾಲೂ ಇದೆ.

ಈಗ ಟ್ಯಾಪ್ ಹೋಲಿನ ಎದುರು ನಿಂತು ನೋಡೋಣ. ಕುಲುಮೆಯ ತಳದಲ್ಲಿ 1450ರಿಂದ 1500 ಡಿಗ್ರಿಯ ದ್ರವ ಕಬ್ಬಿಣ ತುಂಬಿದೆ. ಹಿಂದಿನ ಟ್ಯಾಪಿಂಗ್ (ಕಬ್ಬಿಣ ಹೊರಬಿಡುವ ಸರದಿ) ಮುಗಿದ ಕೂಡಲೇ, ಬಾಯಿ ಮುಚ್ಚುವ ಮಡ್ ಗನ್ ಎಂಬ ಯಂತ್ರ ಒತ್ತಿದ ಮಣ್ಣು ಒಳಗೆ ಒಂದೂವರೆ ಮೀಟರಿನಷ್ಟು ಉದ್ದದ ಬಿರಡೆಯಂತೆ ಕೂತು ಗಟ್ಟಿಯಾಗಿದೆ. ಡ್ರಿಲ್ ಯಂತ್ರ ಅದನ್ನು ಕೊರೆದುಕೊಂಡು ಹೋಗುತ್ತದೆ. ಕೊನೆಯ ಒಂದು ಗೇಣಿನಲ್ಲಿ, ಮಣ್ಣಿನ ಬಿರುಕಿಗೆ ನುಗ್ಗಿ ಹೆಪ್ಪುಗಟ್ಟಿದ ಕಬ್ಬಿಣ ಸಿಕ್ಕಿದರೆ ಡ್ರಿಲ್ಲಿನ ಬಿಟ್ (ಕೊರೆಯುವ ಮೊನೆ) ಕೆಂಪಾಗಿ, ಹಲ್ಲು ಉದುರಿ, ಸುಮ್ಮನೆ ತಿರುಗುತ್ತದೆ. ಆಗ ಡ್ರಿಲ್ಲನ್ನು ಹಿಂದಕ್ಕೆ ಸರಿಸಿ ಪೈಪು ತರಿಸುತ್ತಾರೆ. ಒಬ್ಬರು ಪೈಪು ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು ಅವರ ಬೆನ್ನ ಹಿಂದೆ ಪೈಪಿನ ಭಾರ ಹೊರುತ್ತಾರೆ, ಮೂರನೆಯವರು ವಾಲ್ವಿನ ಮೇಲೆ ಕೈಯಿಟ್ಟು ಮೊದಲಿನವರ ಎಡಗೈಯನ್ನೇ ನೋಡುತ್ತಿರುತ್ತಾರೆ, ಏಕೆಂದರೆ ಆ ಗದ್ದಲದಲ್ಲಿ ಬಾಯಿಮಾತು ಕೇಳುವುದಿಲ್ಲ.

ನಾನು ಹೊಸಬನಾಗಿದ್ದಾಗ ನಮ್ಮ ಹಿರಿಯ ಟ್ಯಾಪರ್ ಒಬ್ಬರು ಹೇಳಿಕೊಟ್ಟ ಮಾತು ಇದು: "ಕಿಡಿ ನೋಡ್ರೀ ಸರ್. ಕೆಂಪಗ ಉದುರಿದ್ರ ಇನ್ನೂ ಮಣ್ಣಾಗ ಅದೀವಿ. ಬೆಳ್ಳಗ ಹೂ ಬಿಟ್ರ ಕಬ್ಬಿಣ ಮುಟ್ಟೀವಿ." ಮಣ್ಣಿನಲ್ಲಿ ಇರುವಾಗ ಹೊಗೆ ದಟ್ಟ, ಕಿಡಿ ಮಂಕು, ಪೈಪು ಒಡಕು ದನಿಯಲ್ಲಿ ಕೆಮ್ಮುತ್ತದೆ. ಕಬ್ಬಿಣ ಮುಟ್ಟಿದ ಕ್ಷಣ ಹೊಗೆ ಕಂದಾಗಿ, ಕಿಡಿಗಳು ಕವಲೊಡೆದು, ಸದ್ದು ಒಂದೇ ಸಮನಾಗುತ್ತದೆ. ಅವರು ಪೈಪನ್ನು ಒತ್ತುತ್ತಿರಲಿಲ್ಲ. ತುದಿ ಉರಿದು ಎಷ್ಟು ಹಿಂದೆ ಸರಿಯಿತೋ ಅಷ್ಟೇ ಮುಂದಕ್ಕೆ ಬಿಡುತ್ತಾ, ಬೆರಳುಗಳ ಮೇಲೆ ಆಗುವ ನಡುಕದಿಂದಲೇ ತುದಿಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುತ್ತಿದ್ದರು. ಒತ್ತಿದರೆ ಪೈಪು ಕಾದು ಬಾಗುತ್ತದೆ, ಬಾಗಿದ ಪೈಪು ತೂತನ್ನು ಮೇಲಕ್ಕೋ ಪಕ್ಕಕ್ಕೋ ತಿರುಗಿಸುತ್ತದೆ. ಪಕ್ಕಕ್ಕೆ ತಿರುಗಿದ ತೂತಿನ ಆಚೆ ಇಟ್ಟಿಗೆ, ಇಟ್ಟಿಗೆಯ ಆಚೆ ನೀರು ಹರಿಯುವ ಕೂಲರ್. ದ್ರವ ಕಬ್ಬಿಣಕ್ಕೂ ನೀರಿಗೂ ನಡುವೆ ಇರುವ ಅಂತರವನ್ನು ಲ್ಯಾನ್ಸ್ ಕಡಿಮೆ ಮಾಡುತ್ತಿದೆ ಎಂಬ ಎಚ್ಚರ ಅವರ ಮೈಯಲ್ಲಿಯೇ ಇತ್ತು.

ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇದಕ್ಕೇ ಹೊಂದಿಕೊಂಡಿದೆ. ಲ್ಯಾನ್ಸ್ ಕಾಂಕ್ರೀಟನ್ನು ಕೊರೆಯುವುದು ಕೇವಲ ಬಿಸಿಯಿಂದಲ್ಲ. ಕಾಂಕ್ರೀಟಿನ ಮರಳು, ಜಲ್ಲಿಗಳಲ್ಲಿರುವ ಸಿಲಿಕಾ ಒಂದೇ ಇದ್ದಾಗ 1700 ಡಿಗ್ರಿ ದಾಟಿದ ಮೇಲೆ ಕರಗುತ್ತದೆ, ಕರಗಿದರೂ ಅಂಟಂಟಾಗಿ ನಿಲ್ಲುತ್ತದೆ. ಅದಕ್ಕೆ ಉರಿದ ಪೈಪಿನ ಕಬ್ಬಿಣದ ಆಕ್ಸೈಡ್ ಬೆರೆತಾಗ ಎರಡೂ ಕೂಡಿ ಫಾಯಲೈಟ್ ಎಂಬ ಸಂಯುಕ್ತವಾಗುತ್ತದೆ. ಅದು 1200 ಡಿಗ್ರಿಗೆಲ್ಲ ಕರಗಿ, ತೆಳುವಾದ ಗಂಜಿಯಂತೆ ತೂತಿನಿಂದ ಹರಿದುಬರುತ್ತದೆ. ಅಂದರೆ ಲ್ಯಾನ್ಸಿನ ಕಿಟ್ಟ ಕಲ್ಲನ್ನು ತಿನ್ನುತ್ತದೆ. ಕಟ್ಟಡ ಒಡೆಯುವವರಿಗೆ ಇದು ವರ. ಆದರೆ ಕುಲುಮೆಯ ಬಾಯಿಯೂ ಅಲ್ಯೂಮಿನಾ, ಸಿಲಿಕಾ, ಇಂಗಾಲಗಳಿಂದಲೇ ಕಟ್ಟಿದ್ದು. ಅಲ್ಲಿ ಲ್ಯಾನ್ಸ್ ಹಿಡಿದ ಪ್ರತಿ ಸಲವೂ ಕಬ್ಬಿಣದ ಆಕ್ಸೈಡ್ ಆ ಇಟ್ಟಿಗೆಯನ್ನೂ ಮಣ್ಣನ್ನೂ ಅದೇ ರೀತಿ ತಿನ್ನುತ್ತದೆ, ಮಿಕ್ಕ ಆಕ್ಸಿಜನ್ ಅದರೊಳಗಿನ ಇಂಗಾಲವನ್ನು ಸುಡುತ್ತದೆ. ತೂತು ಗುಂಡಗಿರುವುದರ ಬದಲು ಗವಿಯಂತೆ ಒಳಗೊಳಗೆ ಅಗಲವಾಗುತ್ತದೆ. ಮುಂದಿನ ಸಲ ಮಡ್ ಗನ್ನಿನ ಮಣ್ಣು ಸರಿಯಾಗಿ ತುಂಬುವುದಿಲ್ಲ. ತುಂಬದ ಕಡೆ ಕಬ್ಬಿಣ ನುಗ್ಗಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ಅದರ ಮುಂದಿನ ಸಲ ಮತ್ತೆ ಲ್ಯಾನ್ಸ್ ಬೇಕಾಗುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಪೈಪು ಹಿಡಿದು ಐದು ನಿಮಿಷದಲ್ಲಿ ಬಾಯಿ ತೆರೆದವರಿಗೆ ಭೇಷ್ ಎನ್ನುವ ರೂಢಿ ನಮ್ಮಲ್ಲಿದೆ. ಆ ಐದು ನಿಮಿಷ ಏಕೆ ಬೇಕಾಯಿತು ಎಂದು ಕೇಳುವ ರೂಢಿ ಬರಬೇಕು.

ಉಕ್ಕಿನ ವಿಭಾಗದಲ್ಲಿಯೂ ಇದೇ ಕಥೆಯ ಇನ್ನೊಂದು ರೂಪವಿದೆ. ಕರಗಿದ ಉಕ್ಕನ್ನು ಹೊರುವ ಲೇಡಲ್ ಎಂಬ ಪಾತ್ರೆಯ ತಳದ ನಾಝಲ್ಲಿಗೆ (ಉಕ್ಕು ಸುರಿಯುವ ತೂತಿಗೆ) ವಿಶೇಷ ಮರಳನ್ನು ತುಂಬಿರುತ್ತಾರೆ. ಸ್ಲೈಡ್ ಗೇಟ್ ಸರಿಸಿದ ಕೂಡಲೇ ಆ ಮರಳು ಸುರಿದು, ಅದರ ಹಿಂದೆ ಉಕ್ಕು ತಾನಾಗಿ ಹರಿಯಬೇಕು. ಮರಳು ಬೆಸೆದುಕೊಂಡು ಕೂತರೆ ಕೆಳಗಿನಿಂದ ಪೈಪು ಹಿಡಿದು ಊದಿ ತೆರೆಯುತ್ತಾರೆ. ಉಕ್ಕೇನೋ ಬರುತ್ತದೆ, ಆದರೆ ಆಕ್ಸಿಜನ್ ಸೋಕಿದ ಆ ಮೊದಲ ಉಕ್ಕಿನೊಳಗೆ ಅಲ್ಯೂಮಿನಾದ ಸಣ್ಣ ಸಣ್ಣ ಕಣಗಳು ಹುಟ್ಟಿ ಸೇರಿಕೊಳ್ಳುತ್ತವೆ, ಮತ್ತು ಬೇರಿಂಗಿಗೋ ಗೇರಿಗೋ ಹೋಗಬೇಕಾದ ಉಕ್ಕಿನಲ್ಲಿ ಅಂಥ ಒಂದು ಕಣವೇ ಮುಂದೆ ಬಿರುಕಿನ ಬೀಜವಾಗುತ್ತದೆ.

ಹಾಗೆಂದು ಲ್ಯಾನ್ಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಬದಲಿಯೇ ಇಲ್ಲದ ಜಾಗಗಳನ್ನು ಕಣ್ಣಾರೆ ಕಂಡಿದ್ದೇನೆ. ಎಕ್ಸ್‌ಕವೇಟರಿನ ತೋಳಿನ ಕೀಲಿನ ಪಿನ್ ಬಿಗಿದು ಹಿಡಿದುಕೊಂಡಾಗ ಏನಾಗುತ್ತದೆ ಎಂಬುದನ್ನು ಗಣಿಯ ಫಿಟ್ಟರುಗಳಿಗೆ ಹೇಳಬೇಕಾಗಿಲ್ಲ. ಮೊಣಕಾಲು ದಪ್ಪದ ಗಟ್ಟಿ ಉಕ್ಕಿನ ಪಿನ್, ಗ್ರೀಸ್ ಒಣಗಿ, ಅದಿರಿನ ಧೂಳು ಸೇರಿ, ತನ್ನನ್ನು ಸುತ್ತಿದ ಲೋಹದ ಬಳೆಯಾದ ಬುಷ್‌ನೊಂದಿಗೆ ಒಂದಾಗಿರುತ್ತದೆ. ಜಾಕಿಗೆ ಜಗ್ಗುವುದಿಲ್ಲ, ಸುತ್ತಿಗೆ ಹೊಡೆದರೆ ತಲೆ ಅರಳಿ ಇನ್ನಷ್ಟು ಬಿಗಿಯುತ್ತದೆ. ಇಂಥ ಕಡೆ ಬಳಸುವುದು ಲ್ಯಾನ್ಸಿನ ಸಣ್ಣ ತಮ್ಮನಂತಿರುವ ಎಕ್ಸೋಥರ್ಮಿಕ್ ರಾಡ್: ಪೆನ್ಸಿಲ್ ದಪ್ಪ, ಒಂದೂವರೆಯಿಂದ ಮೂರು ಅಡಿ ಉದ್ದ, ಒಳಗೆ ತಂತಿಗಳು, ನಡುವೆ ಆಕ್ಸಿಜನ್ ದಾರಿ. ಬ್ರೋಕೋ ಎಂಬ ಕಂಪನಿಯ ರಾಡುಗಳು ಇದರಲ್ಲಿ ಹೆಸರುವಾಸಿ. ಇದನ್ನು ಹೊತ್ತಿಸಲು ಟಾರ್ಚೂ ಬೇಡ; ಜೀಪಿನ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದ ತಾಮ್ರದ ಪಟ್ಟಿಗೆ ರಾಡಿನ ತುದಿಯನ್ನು ಗೀರಿದರೆ ಸಾಕು, ಒಮ್ಮೆ ಹೊತ್ತಿದ ಮೇಲೆ ವಿದ್ಯುತ್ತಿನ ಹಂಗಿಲ್ಲ. ನೀರಿನೊಳಗೂ ಉರಿಯುವುದರಿಂದ ಮುಳುಗಿದ ಹಡಗುಗಳನ್ನು ಕತ್ತರಿಸುವ ಮುಳುಗುಗಾರರಿಗೂ ಇದೇ ಸಲಕರಣೆ.

ಸಂಡೂರಿನ ಕಡೆಯ ಒಂದು ಶೆಡ್ಡಿನಲ್ಲಿ ನಾನು ನೋಡಿದ ಕೆಲಸದಲ್ಲಿ, ರಾಡು ಹಿಡಿದ ಕೆಲಸಗಾರರು ಆ ಪಿನ್ನನ್ನು ಸುತ್ತಲಿನಿಂದ ಮುಟ್ಟಲೇ ಇಲ್ಲ. ಪಿನ್ನಿನ ನಟ್ಟನಡುವೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಂದ ನೇರವಾಗಿ ಉದ್ದಕ್ಕೂ ಹೆಬ್ಬೆರಳು ತೂರುವಷ್ಟು ಒಂದು ತೂತು ಕೊರೆದರು. ಕಿಟ್ಟ ಹೊರಬರಲು ದಾರಿಯಿರಲೆಂದು ರಾಡನ್ನು ಆಗಾಗ ಹಿಂದಕ್ಕೆ ಎಳೆದು, ಮತ್ತೆ ಒಳಗೆ ಬಿಟ್ಟು, ಏಳು ರಾಡು ಮುಗಿಯುವ ಹೊತ್ತಿಗೆ ಆಚೆ ತುದಿಯಲ್ಲಿ ಬೆಳಕು ಕಂಡಿತು. ಆಮೇಲೆ ಎಲ್ಲರೂ ದೂರ ಹೋಗಿ ಕೂತರು. ಕಾದು ಹಿಗ್ಗಲು ಹೊರಟ ಪಿನ್ನಿಗೆ ಬುಷ್ ಜಾಗ ಕೊಡಲಿಲ್ಲ, ಅದು ಒಳಗಿನ ಟೊಳ್ಳಿನ ಕಡೆಗೇ ಒತ್ತಿಕೊಂಡಿತು. ತಣ್ಣಗಾದಂತೆ ಕುಗ್ಗಿ ಬುಷ್‌ನಿಂದ ಬಿಡಿಸಿಕೊಂಡಿತು. ಒಂದು ಗಂಟೆಯ ನಂತರ ಹದಿನೈದು ಪೌಂಡಿನ ಸುತ್ತಿಗೆಯ ಮೂರನೆಯ ಏಟಿಗೆ ಅದು ಸರಿದು ಬಂದಾಗ, ಬುಷ್‌ನ ಒಳಮೈ ಗೀರಿಲ್ಲದೆ ಹೊಳೆಯುತ್ತಿತ್ತು. ಕತ್ತರಿಸುವ ಸಲಕರಣೆಯಿಂದ ಕತ್ತರಿಸದೆ ಕೆಲಸ ತೆಗೆದ ಆ ಮನುಷ್ಯನ ಜಾಣತನಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಹೊಸಬರು ಇಲ್ಲಿ ಒಂದು ವಿಷಯವನ್ನು ಮರೆಯಬಾರದು: ಪಿನ್ನಿನೊಳಗೆ ಗ್ರೀಸ್ ದಾರಿ ಇದ್ದರೆ ಅಥವಾ ಎರಡೂ ಕಡೆ ಮುಚ್ಚಿದ ಟೊಳ್ಳು ಇದ್ದರೆ, ಅದನ್ನು ಮೊದಲು ತೆರೆದು ಖಾಲಿ ಮಾಡಿಕೊಳ್ಳದೆ ರಾಡು ಹಚ್ಚಿದರೆ ಅದು ಬಾಂಬೇ ಸರಿ.

ನೀರು ಇನ್ನೊಂದು ಶತ್ರು. ಒದ್ದೆ ಕಾಂಕ್ರೀಟು, ಮಳೆಯಲ್ಲಿ ನೆನೆದ ಸ್ಕಲ್ (ಹೆಪ್ಪುಗಟ್ಟಿದ ಲೋಹದ ಗಡ್ಡೆ), ನೆಲದ ಮೇಲೆ ನಿಂತ ನೀರಿನ ಮೇಲೆ ಬೀಳುವ ಕಿಟ್ಟ, ಇವೆಲ್ಲವೂ ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತವೆ. ಹಬೆಗೆ ನೀರಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜಾಗ ಬೇಕು, ಅದು ಆ ಜಾಗವನ್ನು ಕೇಳಿ ಪಡೆಯುವುದಿಲ್ಲ. ಆಕ್ಸಿಜನ್ ಒತ್ತಡ ತೀರಾ ಇಳಿದರೂ ಕೇಡು: ತುದಿಯ ಬೆಂಕಿ ಪೈಪಿನೊಳಗೆ ಹಿಂದಕ್ಕೆ ಓಡಿ ಹೋಲ್ಡರಿನ ತನಕ ಬರಬಹುದು. ಸಿಲಿಂಡರ್ ಬರಿದಾಗುವವರೆಗೆ ಎಳೆಯುವ ಜುಗ್ಗತನ ಇಲ್ಲಿ ಸಲ್ಲದು.

ಆದರೆ ಇವೆಲ್ಲಕ್ಕಿಂತ ನಾನು ಹೆಚ್ಚು ಹೆದರುವುದು ಆ ನೀಲಿ ಹೋಸಿಗೆ. ಬೆಂಕಿ ಕಾಣುತ್ತದೆ, ಕಿಡಿ ಕಾಣುತ್ತದೆ, ಆಕ್ಸಿಜನ್ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ನಾನು ಬೇರೊಂದು ಕಾರ್ಖಾನೆಯಲ್ಲಿದ್ದಾಗ, ಮೇ ತಿಂಗಳ ಒಂದು ಮಧ್ಯಾಹ್ನ, ಇಪ್ಪತ್ತರ ಹರೆಯದ ಹೆಲ್ಪರ್ ಒಬ್ಬ ಲ್ಯಾನ್ಸಿನ ಹೋಸನ್ನು ಬಿಚ್ಚಿ, ವಾಲ್ವ್ ಸ್ವಲ್ಪ ತೆರೆದು, ಅಂಗಿಯ ಕಾಲರಿನೊಳಗೆ ಗಾಳಿ ಬಿಟ್ಟುಕೊಂಡ. ಬಳ್ಳಾರಿ ಸೀಮೆಯ ಮೇ ತಿಂಗಳೆಂದರೆ ಗೊತ್ತೇ ಇದೆ, ಅದರ ಮೇಲೆ ಕುಲುಮೆಯ ಪಕ್ಕ. ಬೆವರು ಆರಲಿ ಎಂದಷ್ಟೇ ಅವನ ಉದ್ದೇಶ. ಎರಡು ನಿಮಿಷದ ಬಳಿಕ ಅವನು ಗ್ರೈಂಡಿಂಗ್ ನಡೆಯುತ್ತಿದ್ದ ಕಡೆ ಹಾದುಹೋದ. ಬೇರೆ ದಿನವಾಗಿದ್ದರೆ ಅಂಗಿಗೆ ಒಂದು ಚುಕ್ಕೆ ತೂತು ಮಾಡಿ ಆರಬೇಕಾಗಿದ್ದ ಕಿಡಿ, ಅಂದು ಅವನ ಅಂಗಿಯನ್ನು ಕರ್ಪೂರದಂತೆ ಹೊತ್ತಿಸಿತು. ಪಕ್ಕದಲ್ಲಿದ್ದವರು ನೀರು ಸುರಿದು ಅವನನ್ನು ಉಳಿಸಿಕೊಂಡರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದ ಅವನ ಎಡಗೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ನೂಲಿನ ಎಳೆಗಳ ನಡುವೆ ಆಕ್ಸಿಜನ್ ತುಂಬಿಕೊಂಡ ಬಟ್ಟೆ ಬಟ್ಟೆಯಾಗಿ ಉಳಿಯುವುದಿಲ್ಲ, ಅದು ಬತ್ತಿಯಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಶೆಡ್ಡಿನಲ್ಲಿ ಅವನಿಗೆ ಒಂದು ಫ್ಯಾನನ್ನೂ ಯಾರೂ ಇಟ್ಟಿರಲಿಲ್ಲ. ಅವನು ಹೋಸ್ ಹಿಡಿದದ್ದನ್ನು ನಾನು ದೂರದಿಂದ ನೋಡಿದ್ದೆ. ಕೂಗಿ ಹೇಳಬೇಕಿತ್ತು, ಹೇಳಲಿಲ್ಲ. ಆ ದಿನದಿಂದ, ನನ್ನ ಕೈಕೆಳಗೆ ಬರುವ ಪ್ರತಿ ಹುಡುಗನಿಗೂ ಮೊದಲ ಪಾಠ ಇದೇ: ಮೈಗೆ, ಬಟ್ಟೆಗೆ, ಧೂಳು ಹೊಡೆಯಲು ಆಕ್ಸಿಜನ್ ಬೇಡ, ತಪ್ಪಿ ಬಟ್ಟೆಗೆ ಸೋಕಿದರೆ ಕಾಲು ಗಂಟೆಯಾದರೂ ಬಯಲಲ್ಲಿ, ಬೆಂಕಿಯಿಂದ ದೂರ ಇರಬೇಕು, ರೆಗ್ಯುಲೇಟರಿಗೆ ಎಣ್ಣೆಯ ಕೈ ತಾಗಬಾರದು, ಸಿಲಿಂಡರಿನ ವಾಲ್ವನ್ನು ಸರಕ್ಕನೆ ತಿರುಗಿಸಬಾರದು, ಏಕೆಂದರೆ ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡದ ಅನಿಲ ಒಮ್ಮೆಲೇ ನುಗ್ಗಿ ಒತ್ತಿಕೊಂಡಾಗ ಹುಟ್ಟುವ ಬಿಸಿಯೇ ಒಳಗಿನ ಜಿಡ್ಡನ್ನು ಹೊತ್ತಿಸಲು ಸಾಕು.

ಆಕ್ಸಿಜನ್‌ನ ಬೆಲೆಯನ್ನು ನಮಗೆ ಇನ್ನೊಂದು ರೀತಿಯಲ್ಲಿ ಕಲಿಸಿದ್ದು 2021. ಕೋವಿಡ್‌ನ ಎರಡನೇ ಅಲೆಯಲ್ಲಿ ಆಸ್ಪತ್ರೆಗಳು ಉಸಿರಿಗಾಗಿ ಪರದಾಡುತ್ತಿದ್ದಾಗ, ಏಪ್ರಿಲ್ 22ರಿಂದ ಕೇಂದ್ರ ಸರ್ಕಾರ ಕೆಲವು ಉದ್ಯಮಗಳನ್ನು ಮಾತ್ರ ಬಿಟ್ಟು ಉಳಿದ ಕಡೆ ಕೈಗಾರಿಕೆಗೆ ಆಕ್ಸಿಜನ್ ಪೂರೈಕೆಯನ್ನು ನಿಲ್ಲಿಸಿತು, ಕೆಲವು ದಿನಗಳಲ್ಲಿ ಆ ನಿಯಮ ಇನ್ನೂ ಬಿಗಿಯಾಯಿತು. ದೇಶದ ಉಕ್ಕಿನ ಕಾರ್ಖಾನೆಗಳ ಆಕ್ಸಿಜನ್ ಸ್ಥಾವರಗಳಿಂದ, ತೋರಣಗಲ್ಲಿನಿಂದ ಕೂಡ, ದ್ರವ ಆಕ್ಸಿಜನ್ನಿನ ಟ್ಯಾಂಕರುಗಳು ಆಸ್ಪತ್ರೆಗಳ ಕಡೆ ಹೊರಟವು. ಸ್ಕ್ರ್ಯಾಪ್ ಅಂಗಡಿಗಳಲ್ಲಿ, ಸಣ್ಣ ವರ್ಕ್‌ಶಾಪುಗಳಲ್ಲಿ ಕಟಿಂಗ್ ನಿಂತಿತು. ಏಳು ಘನ ಮೀಟರಿನ ಒಂದು ಕಪ್ಪು ಸಿಲಿಂಡರ್ ಎಂದರೆ ಏನು ಎಂಬುದು ಆಗ ನಮಗೆ ಹೊಸದಾಗಿ ಅರ್ಥವಾಯಿತು. ಲ್ಯಾನ್ಸನ್ನು ಅನಿವಾರ್ಯವಾದರೆ ಮಾತ್ರ ಹಿಡಿಯಬೇಕು ಎಂದು ನಮ್ಮ ಕಾಸ್ಟ್ ಹೌಸ್‌ನಲ್ಲಿಯೂ ತೀರ್ಮಾನವಾಯಿತು.

ಬಾಯಿ ತೆರೆಯುವುದು ಹೇಗೆ ಎಂಬ ಚಿಂತೆ ಮೊದಲ ವಾರ ನಮ್ಮನ್ನು ಕಾಡಿತು. ಆಮೇಲೆ, ಹಿಂದೆ ಎಂದೂ ನೋಡದಿದ್ದ ಸಣ್ಣ ಸಂಗತಿಗಳನ್ನು ನೋಡತೊಡಗಿದೆವು. ಮಡ್ ಗನ್ನಿನ ಮಣ್ಣು ಗೋದಾಮಿನಲ್ಲಿ ಎಷ್ಟು ದಿನ ಕೂತಿತ್ತು, ಒಣಗಿತ್ತೇ. ಕುಲುಮೆಯ ಬಾಯಿಗೆ ಗನ್ ಸರಿಯಾಗಿ ಕೂರುತ್ತಿದೆಯೇ ಅಥವಾ ಅರ್ಧ ಮಣ್ಣು ಹೊರಗೇ ಚೆಲ್ಲುತ್ತಿದೆಯೇ. ಮಣ್ಣು ಗಟ್ಟಿಯಾಗಲು ಬೇಕಾದ ಸಮಯ ಕೊಟ್ಟೆವೇ. ಡ್ರಿಲ್ಲಿನ ಗೈಡ್ ಸವೆದು ಕೋನ ಎಷ್ಟು ತಪ್ಪಿದೆ. ಮೊಂಡು ಬಿಟ್ಟನ್ನು ಇನ್ನೊಂದು ಸಲ ನಡೆಯುತ್ತದೆ ಎಂದು ಏಕೆ ಹಾಕುತ್ತಿದ್ದೇವೆ. ಇವೊಂದೊಂದನ್ನೂ ಸರಿಪಡಿಸಿದಂತೆ ಪೈಪು ಬೇಡುವ ಟ್ಯಾಪಿಂಗುಗಳು ಕಡಿಮೆಯಾಗುತ್ತಾ ಬಂದವು. ಟ್ಯಾಪ್ ಹೋಲಿನ ಸುತ್ತಲಿನ ಬಿಸಿಯೂ ಸ್ಥಿರವಾಯಿತು. ಆಕ್ಸಿಜನ್ ಮತ್ತೆ ಬೇಕಾದಷ್ಟು ಸಿಗತೊಡಗಿದ ಮೇಲೂ ನಾವು ಹಳೆಯ ಚಾಳಿಗೆ ಹಿಂದಿರುಗಬಾರದೆಂದು, ಶಿಫ್ಟಿನ ಲಾಗ್ ಪುಸ್ತಕದಲ್ಲಿ ಟ್ಯಾಪಿಂಗ್ ಸಮಯ, ಉಷ್ಣತೆ, ಟನ್ ಎಂಬ ಕಾಲಮ್ಮುಗಳ ಪಕ್ಕದಲ್ಲಿ ಸ್ಕೇಲ್ ಹಿಡಿದು ಇನ್ನೊಂದು ಗೆರೆ ಎಳೆದು, ಅದರ ಮೇಲೆ "ಪೈಪ್" ಎಂದು ಬರೆದೆವು. ಪ್ರತಿ ಟ್ಯಾಪಿಂಗಿಗೆ ಎಷ್ಟು ಪೈಪು ಉರಿಯಿತು ಎಂದು ಅಲ್ಲಿ ಬರೆಯಬೇಕು. ಒಂದಕ್ಕಿಂತ ಹೆಚ್ಚಾದರೆ ಏಕೆ ಎಂದೂ ಬರೆಯಬೇಕು.

ಪ್ರಶ್ನೆ ಕೇಳಿದ ಆ ಹುಡುಗನಿಗೆ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಅವನಿಗೆ ಪೈಪು ಹಿಡಿಯಲು ಇನ್ನೂ ಕೊಟ್ಟಿಲ್ಲ. ಮೂರು ವಾರದಿಂದ ವಾಲ್ವಿನ ಬಳಿ ನಿಂತು ಹಿರಿಯರ ಎಡಗೈಯನ್ನು ನೋಡುವುದು, ಡ್ರಿಲ್ ಬಿಟ್ಟಿನ ಹಲ್ಲುಗಳನ್ನು ಬೆರಳಿಂದ ಮುಟ್ಟಿ ನೋಡಿ ಇದು ನಡೆಯುತ್ತದೆ, ಇದು ನಡೆಯುವುದಿಲ್ಲ ಎಂದು ಬೇರ್ಪಡಿಸುವುದು, ಲಾಗ್ ಪುಸ್ತಕ ತುಂಬುವುದು, ಇಷ್ಟೇ ಅವನ ಕೆಲಸ. ನಿನ್ನೆ ಬಿ ಶಿಫ್ಟ್ ಮುಗಿಯುವಾಗ ಪುಸ್ತಕಕ್ಕೆ ಸಹಿ ಹಾಕಲು ಹೋದೆ. ನಾಲ್ಕು ಟ್ಯಾಪಿಂಗುಗಳ ಎದುರು, ಗುಂಡಗಿನ ಅವನ ಕೈಬರಹದಲ್ಲಿ, 0, 0, 1, 0 ಎಂದಿತ್ತು. ಆ ಒಂದರ ಪಕ್ಕದಲ್ಲಿ ಸಣ್ಣದಾಗಿ, "ಬಿಟ್ ಮೊಂಡಾಗಿತ್ತು, ನಾನು ನೋಡಬೇಕಿತ್ತು" ಎಂದು ಬರೆದಿದ್ದ.